ಮರೆತ ಪಾಪ, ಮುಚ್ಚಿಟ್ಟ ಪಾಪ: ಪಾಪನಿವೇದನೆಯಲ್ಲಿ ಯಾವುದನ್ನು ಹೇಳಲೇಬೇಕು?

ಪ್ರಶ್ನೆ: ನಾನು ಪಾಪನಿವೇದನೆ (ಕನ್ಫೆಷನ್) ಮಾಡಿ ಆರು ವರ್ಷ ದಾಟಿತು. ಬೆಂಗಳೂರಿನಲ್ಲಿ ಶಿಫ್ಟ್ ಕೆಲಸ, ಭಾನುವಾರದ ಪೂಜೆ ತಪ್ಪುವುದೇ ಹೆಚ್ಚು. ಪಿಯುಸಿಯಲ್ಲಿದ್ದಾಗ ಒಂದು ವಿಷಯವನ್ನು ನಾಚಿಕೆಯಿಂದ ಫಾದರ್ ಹತ್ತಿರ ಹೇಳದೆ ಬಿಟ್ಟೆ. ಆಮೇಲೆ ಮಾಡಿದ ನಾಲ್ಕೈದು ಪಾಪನಿವೇದನೆಗಳಲ್ಲೂ ಅದನ್ನು ಎತ್ತಲಿಲ್ಲ. ಎರಡು ವರ್ಷದ ಹಿಂದೆ ಆಫೀಸಿಗೆ ಸುಳ್ಳು ಟ್ಯಾಕ್ಸಿ ಬಿಲ್ ಕೊಟ್ಟು ಸುಮಾರು 40 ಸಾವಿರ ರೂಪಾಯಿ ಪಡೆದಿದ್ದೇನೆ. ಕಳೆದ ತಿಂಗಳು ಊರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ ಪೂಜೆಯಲ್ಲಿ ಎಲ್ಲರ ಜತೆ ಸಾಲಿನಲ್ಲಿ ಹೋಗಿ ಪರಮಪ್ರಸಾದ (ಕಮ್ಯುನಿಯನ್) ಸ್ವೀಕರಿಸಿಬಿಟ್ಟೆ. ಇವೆಲ್ಲ ಮಾರಕ ಪಾಪಗಳೇ? ಎಲ್ಲವನ್ನೂ ಹೇಳಲೇಬೇಕೇ? ನನ್ನನ್ನು ಬಲ್ಲ ನಮ್ಮೂರಿನ ಗುರುಗಳಿಗೇ ಹೇಳಬೇಕೇ? ಫೋನಿನಲ್ಲಿ ಆಗುವುದಿಲ್ಲವೇ?

ಉತ್ತರ: ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಚಿಕ್ಕದು, ಅವನ್ನು ಮೊದಲು ಮುಗಿಸೋಣ.

ಫೋನು, ವಾಟ್ಸಾಪ್, ವಿಡಿಯೋ ಕಾಲ್, ಯಾವುದರಲ್ಲೂ ಆಗುವುದಿಲ್ಲ. ಗುರುಗಳೂ ನೀವೂ ಒಂದೇ ಕಡೆ ಇರಬೇಕು. ಪತ್ರದಲ್ಲಿ ಪಾಪ ಬರೆದು ಕಳಿಸಿ ದೂರದ ಗುರುಗಳಿಂದ ಕ್ಷಮೆ ಪಡೆಯಬಹುದು ಎಂಬ ವಾದವನ್ನು ಜಗದ್ಗುರು (ಪೋಪ್) ಎಂಟನೆಯ ಕ್ಲೆಮೆಂಟರ ಕಾಲದಲ್ಲಿ, 1602ರಲ್ಲೇ, ತಳ್ಳಿಹಾಕಲಾಗಿತ್ತು. 2020ರ ಲಾಕ್‌ಡೌನ್‌ನಲ್ಲೂ ರೋಮ್ ಆ ಬಾಗಿಲನ್ನು ತೆರೆಯಲಿಲ್ಲ. ಗುರುಗಳು ಸಿಗದವರು ದೇವರ ಮೇಲಿನ ಪ್ರೀತಿಯಿಂದ ಪೂರ್ಣ ಪಶ್ಚಾತ್ತಾಪ ಪಡಲಿ, ಸಾಧ್ಯವಾದ ಕೂಡಲೇ ಪಾಪನಿವೇದನೆ ಮಾಡುತ್ತೇನೆಂದು ನಿಶ್ಚಯಿಸಲಿ ಎಂಬ ಹಳೆಯ ಬೋಧನೆಯನ್ನೇ ಆ ಮಾರ್ಚಿನಲ್ಲಿ ನೆನಪಿಸಿತು. ನಿಮಗೆ ಫೋನು ಬೇಕಾಗುವುದು ಗುರುಗಳ ಬಳಿ ಸಮಯ ಕೇಳುವುದಕ್ಕೆ ಮಾತ್ರ.

ಊರಿನ ಗುರುಗಳಿಗೇ ಹೇಳಬೇಕೆಂಬ ಅಂಜಿಕೆಗೂ ಒಂದು ಚರಿತ್ರೆಯಿದೆ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ (ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ ಸಭೆ), ತಿಳಿವಳಿಕೆಯ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ‘ತಮ್ಮ ಸ್ವಂತ ಗುರುಗಳಿಗೆ’ ಪಾಪನಿವೇದನೆ ಮಾಡಬೇಕೆಂದು ವಿಧಿಸಿತ್ತು. ಆ ‘ಸ್ವಂತ ಗುರು’ ಎಂಬ ಕಟ್ಟು ಈಗಿಲ್ಲ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 991ನೇ ನಿಯಮದಂತೆ, ಅಧಿಕಾರವಿರುವ ಯಾವ ಗುರುಗಳ ಬಳಿಗಾದರೂ ನೀವು ಹೋಗಬಹುದು. ಅವರು ಸಿರೋ ಮಲಬಾರ್‌ನಂಥ ಬೇರೆ ಆರಾಧನಾ ಪದ್ಧತಿಯವರಾದರೂ ಸರಿ. ಗುರುತು ಸಿಗಬಾರದೆಂದರೆ ಜಾಲರಿಯ ಹಿಂದೆ ಮೊಣಕಾಲೂರಬಹುದು. ಎಲ್ಲರಿಗೂ ಸಿಗುವಂತೆ ಜಾಲರಿಯಿರುವ ಪಾಪನಿವೇದನಾ ಪೀಠ ಇರಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಊರಿನವರ ಕಣ್ಣಿಗೆ ಬೀಳದೆ ಹೋಗಬೇಕೆನ್ನುವವರಿಗೆ ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಬಸಿಲಿಕದಂಥ ಯಾತ್ರಾಸ್ಥಳ ಅನುಕೂಲ. ಆದರೆ ವಾರ್ಷಿಕ ಹಬ್ಬದ ಜನಜಂಗುಳಿಯಲ್ಲಿ ಆರು ವರ್ಷದ ಲೆಕ್ಕ ಬಿಚ್ಚಬೇಡಿ. ಹಿಂದೆ ನಿಂತವರ ಒತ್ತಡಕ್ಕೆ ನಿಮ್ಮ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ಮುಖ್ಯ ಪ್ರಶ್ನೆ. ಒಂದು ಪಾಪ ಮಾರಕವಾಗಲು ಮೂರು ಒಟ್ಟಿಗೇ ಇರಬೇಕು: ವಿಷಯ ಗಂಭೀರವಾಗಿರಬೇಕು, ಅದು ಗಂಭೀರವೆಂದು ಮಾಡುವಾಗಲೇ ತಿಳಿದಿರಬೇಕು, ಮನಸ್ಸು ಪೂರ್ತಿಯಾಗಿ ಒಪ್ಪಿ ಮಾಡಿರಬೇಕು. ಇದರಲ್ಲಿ ಒಂದು ಕಳಚಿದರೂ ಅದು ಮಾರಕವಲ್ಲ. ಪಾಪವೇ ಅಲ್ಲವೆಂದು ಇದರ ಅರ್ಥವಲ್ಲ, ಲಘು ಪಾಪವಾಗಿ ಉಳಿಯಬಹುದು. ಸಾವಿಗೆ ಒಯ್ಯುವ ಪಾಪವೂ ಇದೆ, ಒಯ್ಯದ ಪಾಪವೂ ಇದೆ ಎಂದು ಸಂತ ಯೊವಾನ್ನರ ಮೊದಲ ಪತ್ರದ 5ನೇ ಅಧ್ಯಾಯವೇ ಹೇಳುತ್ತದೆ.

ಗಂಭೀರ ವಿಷಯ ಯಾವುದು ಎಂಬುದಕ್ಕೆ ಹತ್ತು ಕಟ್ಟಳೆಗಳೇ ಅಳತೆ. ಆದರೆ ಒಂದೇ ಕಟ್ಟಳೆಯ ಒಳಗೂ ತೂಕ ಬೇರೆಬೇರೆ. ಬಸ್ಸಿನಲ್ಲಿ ಟಿಕೆಟ್ ತೆಗೆಯದಿದ್ದದ್ದೂ ಕೂಲಿಯವನ ವಾರದ ಕೂಲಿ ನುಂಗಿದ್ದೂ ‘ಕದಿಯಬೇಡ’ ಎಂಬ ಏಳನೆಯ ಕಟ್ಟಳೆಯ ಕೆಳಗೇ ಬರುತ್ತವೆ, ಎರಡೂ ಒಂದಲ್ಲ. ಸುಳ್ಳು ಸಾಮಾನ್ಯವಾಗಿ ಲಘು ಪಾಪ, ಅದರಿಂದ ಒಬ್ಬರ ಮಾನವೋ ಜೀವನೋಪಾಯವೋ ಹಾಳಾದರೆ ಗಂಭೀರ. ಇಲ್ಲೇ ಒಂದು ಮಾತು ಹೇಳಬೇಕು. ಮಾಂಸ ಬಿಡಬೇಕಾದ ತಪಸ್ಸುಕಾಲದ (ಲೆಂಟ್) ಶುಕ್ರವಾರ ಮರೆತು ಮೀನುಸಾರಿನ ಬದಲು ಕೋಳಿಸಾರು ಉಂಡದ್ದನ್ನು ತಳಮಳದಿಂದ ಹೇಳಿಕೊಳ್ಳುವವರು ಮನೆಗೆಲಸದವಳ ಎರಡು ತಿಂಗಳ ಸಂಬಳ ತಡೆಹಿಡಿದದ್ದನ್ನು ಪಾಪವೆಂದೇ ಎಣಿಸುವುದಿಲ್ಲ. ಮರೆತು ಉಂಡದ್ದು ಮಾರಕ ಪಾಪವಾಗುವುದೇ ಇಲ್ಲ. ಕೂಲಿ ತಡೆಯುವುದಾದರೋ ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಪಟ್ಟಿಯಲ್ಲಿದೆ.

ತಿಳಿದಿರಬೇಕು ಎಂದರೆ ಮಾಡುವ ಹೊತ್ತಿಗೆ ತಿಳಿದಿರಬೇಕು. ಇಂದು ತಿಳಿದುಬಂತೆಂದು ಹತ್ತು ವರ್ಷದ ಹಿಂದಿನದು ಮಾರಕವಾಗುವುದಿಲ್ಲ. ಬೇಕೆಂದೇ ತಿಳಿಯದೆ ಉಳಿದವರಿಗೆ ಈ ರಿಯಾಯಿತಿ ಇಲ್ಲ. ಒಪ್ಪಿಗೆಯ ವಿಷಯದಲ್ಲಿ ಭಯ, ಬಲವಂತ, ಬೇರೂರಿದ ಚಟ, ಮನಸ್ಸಿನ ಕಾಯಿಲೆ ಇವೆಲ್ಲ ಹೊಣೆಯನ್ನು ತಗ್ಗಿಸುತ್ತವೆ, ಕೆಲವೊಮ್ಮೆ ಇಲ್ಲವಾಗಿಸುತ್ತವೆ. ಆಸೆ ಮನಸ್ಸಿಗೆ ಬಂದದ್ದಷ್ಟೇ ಪಾಪವಲ್ಲ. ಬಂದದ್ದನ್ನು ತಿಳಿದೂ ಕೂರಿಸಿಕೊಂಡು ಉಪಚರಿಸಿದರೆ ಮಾತ್ರ ಒಪ್ಪಿಗೆಯ ಪ್ರಶ್ನೆ ಬರುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ.

ಭಾನುವಾರದ ಪೂಜೆಯನ್ನು ಸರಿಯಾದ ಕಾರಣವಿಲ್ಲದೆ ಬೇಕೆಂದೇ ತಪ್ಪಿಸುವುದು ಗಂಭೀರ. ಕಾಯಿಲೆ, ಎಳೆಗೂಸಿನ ಆರೈಕೆ, ತಪ್ಪಿಸಲಾಗದ ಕೆಲಸ ಇವು ಸರಿಯಾದ ಕಾರಣಗಳೇ. ಕೊರೋನಾ ಕಾಲದಲ್ಲಿ ಧರ್ಮಾಧ್ಯಕ್ಷರು ರಿಯಾಯಿತಿ ಕೊಟ್ಟಿದ್ದ ಭಾನುವಾರಗಳನ್ನು ಲೆಕ್ಕದಿಂದ ತೆಗೆಯಿರಿ. ಶಿಫ್ಟ್ ನಿಜವಾಗಿ ಇಡೀ ಹೊತ್ತನ್ನು ನುಂಗಿದ ಭಾನುವಾರಗಳನ್ನೂ ತೆಗೆಯಿರಿ. ಆದರೆ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಕರ್ತವ್ಯಕ್ಕೆ ಸಲ್ಲುತ್ತದೆ, ಯಾವ ಭಾಷೆಯ ಕಥೋಲಿಕ ಪೂಜೆಯಾದರೂ ಸಲ್ಲುತ್ತದೆ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಕೊಂಕಣಿ, ಇಂಗ್ಲಿಷ್ ಪೂಜೆಗಳು ಬೇರೆಬೇರೆ ಹೊತ್ತಿಗೆ ಇರುವಾಗ, ಹೋಗಬಹುದಾಗಿದ್ದೂ ಮಲಗಿದ ಭಾನುವಾರಗಳು ಉಳಿಯುತ್ತವಲ್ಲ, ಹೇಳಬೇಕಾದದ್ದು ಅವನ್ನು.

ಸುಳ್ಳು ಬಿಲ್ ಕಳವು. 40 ಸಾವಿರ ಚಿಲ್ಲರೆ ಮೊತ್ತವಲ್ಲ, ಒಂದು ಸಲದ ಎಡವಟ್ಟೂ ಅಲ್ಲ. ಒಂದೊಂದು ಬಿಲ್ಲು ಐನೂರರದ್ದೇ ಇರಬಹುದು. ಆದರೆ ಒಂದೇ ಯಜಮಾನನಿಂದ ಒಂದೇ ಉದ್ದೇಶದಿಂದ ಚೂರುಚೂರಾಗಿ ತೆಗೆದದ್ದನ್ನು ನೈತಿಕ ಶಾಸ್ತ್ರ ಒಟ್ಟುಗೂಡಿಸಿಯೇ ತೂಗುತ್ತದೆ.

ಮದುವೆಯ ಪರಮಪ್ರಸಾದದ ಬಗ್ಗೆ 916ನೇ ನಿಯಮ ಹೀಗಿದೆ: ಗಂಭೀರ ಪಾಪವಿದೆಯೆಂಬ ಅರಿವಿರುವವರು ಮೊದಲು ಪಾಪನಿವೇದನೆ ಮಾಡದೆ ಪರಮಪ್ರಸಾದ ಸ್ವೀಕರಿಸಬಾರದು. ಗಂಭೀರ ಕಾರಣವೂ ಇದ್ದು, ಪಾಪನಿವೇದನೆಗೆ ಅವಕಾಶವೂ ಇಲ್ಲದಿದ್ದರೆ ಮಾತ್ರ ವಿನಾಯಿತಿ, ಅದೂ ಪೂರ್ಣ ಪಶ್ಚಾತ್ತಾಪದೊಂದಿಗೆ. ‘ಎಲ್ಲರೂ ಎದ್ದರು, ನಾನೊಬ್ಬನೇ ಕೂತರೆ ಏನೆಂದುಕೊಂಡಾರು’ ಎಂಬುದು ಸಾಮಾನ್ಯವಾಗಿ ಆ ಗಂಭೀರ ಕಾರಣವಾಗುವುದಿಲ್ಲ. ಆದ್ದರಿಂದ ಇದನ್ನೂ ಪಟ್ಟಿಗೆ ಸೇರಿಸಿ. ನೆಂಟರ ಕಣ್ಣಿನ ಒತ್ತಡಕ್ಕೆ ಯೋಚಿಸದೆ ಎದ್ದು ಹೋದಿರಾದರೆ ಅದನ್ನೂ ಹೇಳಿ, ಒಪ್ಪಿಗೆಯ ತೂಕವನ್ನು ಗುರುಗಳು ನೋಡಿಕೊಳ್ಳುತ್ತಾರೆ. ಮುಂದಿನ ಮದುವೆಗೆ ಒಂದು ಉಪಾಯ: ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚಿನಿಂದ ಏನನ್ನೂ ತಿನ್ನಬಾರದೆಂಬ ನಿಯಮ ಈಗಲೂ ಇದೆ. ಛತ್ರದಲ್ಲಿ ಕಾಫಿ ತಿಂಡಿ ಮುಗಿಸಿ ಚರ್ಚಿಗೆ ಬಂದವರು ಬೆಂಚಿನಲ್ಲೇ ಕೂತರೆ ಯಾರೂ ಕಾರಣ ಕೇಳುವುದಿಲ್ಲ.

ಪೂಜೆಯ ಆರಂಭದಲ್ಲಿ ಎಲ್ಲರೂ ಸೇರಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿ ಗುರುಗಳು ದೇವರ ದಯೆ ಬೇಡುತ್ತಾರಲ್ಲ, ಅದರಿಂದ ಎಲ್ಲವೂ ತೀರಿತೆಂದು ನಂಬುವವರು ಬಹಳ. ಅದು ಲಘು ಪಾಪಗಳಿಗೆ ಒದಗುತ್ತದೆ, ಪಾಪನಿವೇದನೆಯ ಸಂಸ್ಕಾರಕ್ಕೆ ಬದಲಿಯಲ್ಲ. ತಪಸ್ಸುಕಾಲದಲ್ಲಿ ಧರ್ಮಕೇಂದ್ರದಲ್ಲಿ ನಡೆಯುವ ಸಾಮೂಹಿಕ ಪ್ರಾಯಶ್ಚಿತ್ತ ವಿಧಿಯೂ ಹಾಗೆಯೇ. ಪ್ರಾರ್ಥನೆ ಒಟ್ಟಿಗೆ, ಪಾಪನಿವೇದನೆ ಒಬ್ಬೊಬ್ಬರದೇ. ಸಾಲು ಉದ್ದವೆಂದು ನಡುವೆ ಎದ್ದು ಹೋದರೆ ಅರ್ಧವಷ್ಟೇ ಆದಂತೆ. ಒಬ್ಬೊಬ್ಬರನ್ನೂ ಕೇಳದೆ ಗುಂಪಿಗೇ ಪಾಪಕ್ಷಮೆ ಕೊಡುವುದು ಸಾವಿನ ಅಪಾಯದಂಥ ಅಪರೂಪದ ಸಂದರ್ಭಗಳಿಗೆ ಮಾತ್ರ. ಹಬ್ಬಕ್ಕೆ ಜನ ಹೆಚ್ಚು ಎಂಬ ಕಾರಣ ಸಾಲದೆಂದು 961ನೇ ನಿಯಮ ಬಿಡಿಸಿ ಹೇಳಿದೆ.

ಹಾಗಾದರೆ ಹೇಳಲೇಬೇಕಾದದ್ದು ಎಷ್ಟು? ಟ್ರೆಂಟ್ ಮಹಾಸಭೆ 1551ರ ನವೆಂಬರಿನಲ್ಲಿ ಕೊಟ್ಟ ಉತ್ತರವೇ ಇಂದಿನ 988ನೇ ನಿಯಮದಲ್ಲೂ ಇದೆ: ಜ್ಞಾನಸ್ನಾನದ (ಬ್ಯಾಪ್ಟಿಸಮ್) ನಂತರ ಮಾಡಿದ, ಇನ್ನೂ ಪಾಪನಿವೇದನೆಯಲ್ಲಿ ಹೇಳಿ ಕ್ಷಮೆ ಪಡೆಯದ, ಚೆನ್ನಾಗಿ ಆತ್ಮಶೋಧನೆ ಮಾಡಿದಾಗ ನೆನಪಿಗೆ ಬರುವ ಗಂಭೀರ ಪಾಪಗಳನ್ನು ಬಗೆ ಮತ್ತು ಎಣಿಕೆಯೊಂದಿಗೆ ಹೇಳಬೇಕು. ಲಘು ಪಾಪಗಳನ್ನು ಹೇಳುವುದು ಒಳ್ಳೆಯದು, ಕಡ್ಡಾಯವಲ್ಲ. ವರ್ಷಕ್ಕೊಮ್ಮೆ ಎಂಬ ಕಟ್ಟಳೆ ಕೂಡ 989ನೇ ನಿಯಮದ ಪ್ರಕಾರ ಗಂಭೀರ ಪಾಪಗಳಿಗೆ ಸಂಬಂಧಿಸಿದ್ದು. ಪಾಸ್ಕ (ಈಸ್ಟರ್) ಹಬ್ಬಕ್ಕೆ ಮನೆಮಂದಿಯೆಲ್ಲ ಪಾಪನಿವೇದನೆ ಮಾಡಲೇಬೇಕೆಂದು ಅಜ್ಜಿಯರು ಹೇಳುವುದು ಒಳ್ಳೆಯ ರೂಢಿ. ಕಾನೂನು ಅಷ್ಟು ದೂರ ಹೋಗಿಲ್ಲ.

ಬಗೆ ಎಂದರೆ ಕಥೆಯಲ್ಲ, ಹೆಸರು. ‘ಕೆಟ್ಟ ಕೆಲಸ ಮಾಡಿದೆ’ ಎಂದರೆ ಬಗೆ ತಿಳಿಯಲಿಲ್ಲ. ‘ಕದ್ದೆ’, ‘ವ್ಯಭಿಚಾರ ಮಾಡಿದೆ’, ‘ಸುಳ್ಳು ಸಾಕ್ಷಿ ಹೇಳಿದೆ’ ಎಂದರೆ ತಿಳಿಯಿತು. ಪಾಪದ ಬಗೆಯನ್ನೇ ಬದಲಿಸುವ ಸಂಗತಿಯಿದ್ದರೆ ಅದನ್ನು ಸೇರಿಸಬೇಕು. ದೇಹಸಂಬಂಧದ ಪಾಪದಲ್ಲಿ ಇಬ್ಬರಲ್ಲೊಬ್ಬರು ಮದುವೆಯಾದವರೇ ಎಂಬುದನ್ನು ಹೇಳಬೇಕು, ಏಕೆಂದರೆ ಅಲ್ಲಿ ಮೂರನೆಯವರಿಗೆ ಕೊಟ್ಟ ಮಾತೂ ಮುರಿದಿದೆ. ಚರ್ಚಿನ ಪವಿತ್ರ ಪಾತ್ರೆ ಕದ್ದರೆ ಅದು ಬರಿಯ ಕಳವಲ್ಲ. ಜತೆಗಿದ್ದವರ ಹೆಸರು ಮಾತ್ರ ಹೇಳಬಾರದು, ಗುರುಗಳೂ ಕೇಳಬಾರದು, 979ನೇ ನಿಯಮ ಅದನ್ನು ತಡೆದಿದೆ. ದಿನಾಂಕ, ಜಾಗ, ಯಾರು ಮೊದಲು ಕೆಣಕಿದ್ದು, ಅತ್ತೆ ಏನಂದರು, ಇವೊಂದೂ ಬೇಡ. ಬೇರೆಯವರ ಪಾಪವನ್ನು ನಿವೇದಿಸುವುದು ಪಾಪನಿವೇದನಾ ಪೀಠದಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವ ರೂಢಿ.

ಎಣಿಕೆ ಗೊತ್ತಿದ್ದರೆ ಗೊತ್ತಿದ್ದಷ್ಟು, ಇಲ್ಲದಿದ್ದರೆ ಅಂದಾಜು: ‘ತಿಂಗಳಿಗೆ ಎರಡು ಮೂರು ಸಲ, ಸುಮಾರು ಐದು ವರ್ಷ’. ಅಷ್ಟು ಸಾಕು. ಆಮೇಲೆ ಎಣಿಕೆ ತುಂಬ ಹೆಚ್ಚಿತ್ತೆಂದು ನೆನಪಾದರೆ ಮುಂದಿನ ಸಲ ತಿದ್ದಿ ಹೇಳಿ.

ನಿಮ್ಮ ಪತ್ರದ ತಿರುಳು ಪಿಯುಸಿಯ ವಿಷಯದಲ್ಲಿದೆ. ಮರೆತದ್ದು ಬೇರೆ, ಮುಚ್ಚಿಟ್ಟದ್ದು ಬೇರೆ. ಪ್ರಾಮಾಣಿಕವಾಗಿ ಯೋಚಿಸಿಯೂ ಒಂದು ಗಂಭೀರ ಪಾಪ ಮರೆತುಹೋದರೆ, ಉಳಿದವುಗಳೊಂದಿಗೆ ಅದೂ ಕ್ಷಮೆಯಾಗಿರುತ್ತದೆ. ನೆನಪಾದಾಗ ಮುಂದಿನ ಪಾಪನಿವೇದನೆಯಲ್ಲಿ ಹೇಳುವ ಕರ್ತವ್ಯ ಉಳಿಯುತ್ತದೆ, ಅಷ್ಟೇ. ನಡುವೆ ಪರಮಪ್ರಸಾದ ಸ್ವೀಕರಿಸಲು ಅಡ್ಡಿಯಿಲ್ಲ, ರಾತ್ರೋರಾತ್ರಿ ಗುರುಮನೆಯ ಬಾಗಿಲು ಬಡಿಯಬೇಕಾಗಿಲ್ಲ. ಆದರೆ ಅದು ಗಂಭೀರವೆಂದೂ ಹೇಳಬೇಕೆಂದೂ ತಿಳಿದಿದ್ದು ನಾಲಿಗೆ ತುದಿಯಲ್ಲಿ ಬಂದದ್ದನ್ನು ನುಂಗಿದರೆ ಆ ಪಾಪನಿವೇದನೆಯೇ ಸಲ್ಲುವುದಿಲ್ಲ. ಹೇಳಿದ ಉಳಿದ ಪಾಪಗಳಿಗೂ ಕ್ಷಮೆ ಸಿಕ್ಕಿರುವುದಿಲ್ಲ. ಇದಕ್ಕೆ ಕಾರಣ ಯೊವಾನ್ನರ ಶುಭಸಂದೇಶ 20:23ರಲ್ಲಿದೆ. ಕ್ಷಮಿಸುವ ಅಧಿಕಾರವನ್ನೂ ಕ್ಷಮಿಸದೆ ಉಳಿಸುವ ಅಧಿಕಾರವನ್ನೂ ಕ್ರಿಸ್ತರು ತಮ್ಮ ಶಿಷ್ಯರಾದ ಪ್ರೇಷಿತರಿಗೆ ಕೊಟ್ಟರು. ಯಾವುದನ್ನು ಕ್ಷಮಿಸುವುದೆಂದು ತೀರ್ಮಾನಿಸಬೇಕಾದವರ ಮುಂದೆ ಕಡತವನ್ನೇ ಮುಚ್ಚಿಟ್ಟರೆ ತೀರ್ಮಾನ ಹೇಗಾದೀತು? ನಾಚಿಕೆಯಿಂದ ವೈದ್ಯರಿಗೆ ಗಾಯ ತೋರಿಸದಿದ್ದರೆ ಔಷಧಿ ತನಗೆ ತಿಳಿಯದ್ದನ್ನು ವಾಸಿಮಾಡದು ಎಂಬ ಸಂತ ಜೆರೋಮರ ಮಾತನ್ನು ಟ್ರೆಂಟ್ ಇಲ್ಲೇ ಬಳಸಿಕೊಂಡದ್ದು.

ಆದರೆ ಅವಸರದಲ್ಲಿ ನಿಮ್ಮ ಮೇಲೆ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಆಗ ನಿಮಗೆ ಹದಿನಾರೋ ಹದಿನೇಳೋ ವಯಸ್ಸು. ಅದು ಮಾರಕವೆಂದು ಆಗ ನಿಜವಾಗಿ ತಿಳಿದಿತ್ತೇ, ಅಥವಾ ‘ಇದು ಹೇಳುವಂಥದ್ದೇ’ ಎಂಬ ಗೊಂದಲವಿತ್ತೇ? ನಿಜವಾದ ಗೊಂದಲವಿದ್ದರೆ ಆ ಪಾಪನಿವೇದನೆಗಳು ಸಂದಿರಬಹುದು, ಈಗ ಆ ಒಂದನ್ನು ಹೇಳಿದರೆ ಮುಗಿಯಿತು. ತಿಳಿದೇ ಮುಚ್ಚಿಟ್ಟಿದ್ದರೆ, ಕೊನೆಯ ಒಳ್ಳೆಯ ಪಾಪನಿವೇದನೆಯ ನಂತರದ ಎಲ್ಲ ಗಂಭೀರ ಪಾಪಗಳನ್ನೂ ಮತ್ತೆ ಹೇಳಬೇಕು. ನಡುವೆ ಹೀಗೆ ಮಾಡಿದ ಪಾಪನಿವೇದನೆಗಳನ್ನೂ ಆಗ ಸ್ವೀಕರಿಸಿದ ಪರಮಪ್ರಸಾದವನ್ನೂ ಸೇರಿಸಬೇಕು. ಕೇಳಲು ಬೆಟ್ಟದಂತಿದೆ, ಆದರೆ ಹೇಳಲು ಐದಾರು ವಾಕ್ಯ ಸಾಕು. ಹೀಗೆ:

‘ಗುರುಗಳೇ, ನನ್ನನ್ನು ಆಶೀರ್ವದಿಸಿ, ನಾನು ಪಾಪ ಮಾಡಿದ್ದೇನೆ. ಪಾಪನಿವೇದನೆ ಮಾಡಿ ಆರು ವರ್ಷವಾಯಿತು. ಪಿಯುಸಿಯಲ್ಲಿದ್ದಾಗ ಒಂದು ಪಾಪವನ್ನು ನಾಚಿಕೆಯಿಂದ ಮುಚ್ಚಿಟ್ಟೆ, ಅದು ಇಂಥದ್ದು. ಆಮೇಲೆ ನಾಲ್ಕೈದು ಸಲ ಅದನ್ನು ಹೇಳದೆಯೇ ಪಾಪನಿವೇದನೆ ಮಾಡಿದೆ, ಪರಮಪ್ರಸಾದವನ್ನೂ ಸ್ವೀಕರಿಸುತ್ತ ಬಂದೆ. ಆ ವರ್ಷಗಳಲ್ಲಿ ಮಾಡಿದ ಬೇರೆ ಗಂಭೀರ ಪಾಪಗಳು ಇವು...’

ಬಾಯಿ ಕಟ್ಟಿದರೆ ಇನ್ನೂ ಸುಲಭದ ದಾರಿಯಿದೆ. ‘ಗುರುಗಳೇ, ಹಿಂದೆ ಒಂದನ್ನು ಮುಚ್ಚಿಟ್ಟಿದ್ದೇನೆ, ಹೇಳಲು ಆಗುತ್ತಿಲ್ಲ, ಸ್ವಲ್ಪ ಕೇಳಿ ಸಹಾಯ ಮಾಡಿ’ ಎನ್ನಿ. ಒಂದೊಂದೇ ಪ್ರಶ್ನೆ ಕೇಳಿ ದಾಟಿಸುವುದು ಗುರುಗಳ ಕೆಲಸವೇ.

ತಯಾರಿಗೆ ಮನೆಯಲ್ಲಿ ಅರ್ಧ ಗಂಟೆ ಹಿಡಿಯಿರಿ. ಹತ್ತು ಕಟ್ಟಳೆಗಳನ್ನು ಒಂದೊಂದಾಗಿ ಓದುತ್ತ, ನೆನಪಿಗೆ ಬಂದದ್ದನ್ನು ನಿಮಗಷ್ಟೇ ತಿಳಿಯುವಂತೆ ಒಂದು ಚೀಟಿಯಲ್ಲಿ ಗುರುತು ಹಾಕಿ. ಮೊಬೈಲಿನಲ್ಲಿ ಬರೆಯಬೇಡಿ, ಅದು ಇನ್ನೆಲ್ಲಿಗೋ ಬ್ಯಾಕಪ್ ಆಗುತ್ತದೆ. ಕೆಲಸ ಮುಗಿದ ಮೇಲೆ ಚೀಟಿ ಹರಿದುಹಾಕಿ. ಪೂಜೆಗೆ ಹತ್ತು ನಿಮಿಷ ಮುಂಚೆ ಪೀಠದ ಮುಂದೆ ನಿಲ್ಲುವ ಸಾಲು ನಿಮಗೆ ಆಗಿಬರುವುದಿಲ್ಲ. ವಾರದ ನಡುವೆ ಫೋನ್ ಮಾಡಿ ‘ಬಹಳ ವರ್ಷದ ಮೇಲೆ ಪಾಪನಿವೇದನೆ ಮಾಡಬೇಕು, ಇಪ್ಪತ್ತು ನಿಮಿಷ ಬೇಕು’ ಎಂದು ಹೇಳಿ ಸಮಯ ಕೇಳಿ. ಹೆಸರು ಹೇಳಬೇಕಾಗಿಲ್ಲ.

ಧರ್ಮೋಪದೇಶದಲ್ಲಿ ಕಲಿತ ಐದು ಅಂಶಗಳು ನೆನಪಿರಬಹುದು: ಪಾಪಗಳನ್ನು ನೆನೆಯುವುದು, ದುಃಖಪಡುವುದು, ಮತ್ತೆ ಮಾಡೆನೆಂಬ ನಿಶ್ಚಯ, ಗುರುಗಳಿಗೆ ಹೇಳುವುದು, ಪ್ರಾಯಶ್ಚಿತ್ತ ತೀರಿಸುವುದು. ಇದರಲ್ಲಿ ಜನ ಎಡವುವುದು ಎರಡನೆಯದರಲ್ಲಿ. ದುಃಖವೆಂದರೆ ಕಣ್ಣೀರೆಂದು ತಿಳಿದು, ಅಳು ಬರಲಿಲ್ಲ, ಹಾಗಾದರೆ ಪಶ್ಚಾತ್ತಾಪವಿಲ್ಲ ಎಂದು ಹಿಂದೆ ಸರಿಯುತ್ತಾರೆ. ಮಾಡಿದ್ದು ತಪ್ಪೆಂದು ಮನಸ್ಸು ಅದರಿಂದ ತಿರುಗಿದರೆ ಅದೇ ಪಶ್ಚಾತ್ತಾಪ. ದೇವರ ಮೇಲಿನ ಪ್ರೀತಿಯಿಂದಲ್ಲದೆ ಶಿಕ್ಷೆಯ ಭಯದಿಂದ ಹುಟ್ಟಿದ ಅಪೂರ್ಣ ಪಶ್ಚಾತ್ತಾಪವೂ ಸಂಸ್ಕಾರದಲ್ಲಿ ಸಾಕು. ಮೂರನೆಯದೂ ಹಾಗೆಯೇ: ಮತ್ತೆ ಬಿದ್ದೇನು ಎಂಬ ಅಳುಕು ಇರಬಹುದು, ಬೀಳಬಾರದೆಂಬ ನಿಶ್ಚಯ ಇದ್ದರಾಯಿತು.

ಇನ್ನು ಗುಟ್ಟಿನ ವಿಷಯ. ಗುರುಗಳು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಯಾವ ಕಾರಣಕ್ಕೂ ಅದನ್ನು ಹೊರಗೆ ಬಿಡುವಂತಿಲ್ಲ. ನೇರವಾಗಿ ಮುರಿದವರು ಆ ಕ್ಷಣವೇ ತಾನಾಗಿ ಧರ್ಮಸಭೆಯಿಂದ ಬಹಿಷ್ಕೃತರಾಗುತ್ತಾರೆ, ಅದನ್ನು ತೆಗೆಯುವ ಅಧಿಕಾರ ರೋಮಿಗೆ ಮಾತ್ರ. ಕೇಳಿದ್ದನ್ನು ಹೊರಗೆ ಬಳಸಿ ನಿಮಗೆ ತೊಂದರೆ ಕೊಡುವಂತೆಯೂ ಇಲ್ಲ. ಆಮೇಲೆ ದಾರಿಯಲ್ಲಿ ಸಿಕ್ಕಾಗ ನೀವಾಗಿ ಎತ್ತದೆ ಅವರು ನಿಮ್ಮೊಡನೆಯೇ ಆ ಮಾತು ತೆಗೆಯಬಾರದು.

ಎಲ್ಲವನ್ನೂ ಹೇಳಿ ಕ್ಷಮೆ ಪಡೆದ ಮೇಲೆ ‘ಸರಿಯಾಗಿ ಹೇಳಿದೆನೋ ಇಲ್ಲವೋ’ ಎಂದು ಮನಸ್ಸು ಕೆದಕಬಹುದು. ಲೊಯೋಲದ ಸಂತ ಇಗ್ನಾಸಿಯವರು ಸ್ಪೇನಿನ ಮನ್ರೇಸದಲ್ಲಿ, ಮಾಂಟ್‌ಸೆರಾಟ್‌ನಲ್ಲಿ ಪೂರ್ಣ ಪಾಪನಿವೇದನೆ ಮಾಡಿ ಬಂದ ಮೇಲೂ, ಹಳೆಯ ಪಾಪಗಳನ್ನು ಮತ್ತೆ ಮತ್ತೆ ಹೇಳುತ್ತ ತಿಂಗಳುಗಟ್ಟಲೆ ನರಳಿದರು. ಹೇಳಿದ್ದನ್ನು ಇನ್ನು ಎತ್ತುವುದಿಲ್ಲವೆಂದು ತೀರ್ಮಾನಿಸಿದಾಗಲೇ ಆ ಕಾಟ ಬಿಟ್ಟದ್ದು. ಈ ಸಂಶಯದ ಕಾಯಿಲೆಯಿರುವವರು ಒಬ್ಬರೇ ಗುರುಗಳನ್ನು ಹಿಡಿದುಕೊಳ್ಳಲಿ, ಅವರು ‘ಸಾಕು’ ಎಂದಾಗ ನಿಲ್ಲಿಸಲಿ.

ಕೊನೆಗೆ ಆ 40 ಸಾವಿರ. ಪಾಪಕ್ಷಮೆಯಿಂದ ಸಾಲ ತೀರುವುದಿಲ್ಲ, ಹಣ ಹಿಂತಿರುಗಿಸಬೇಕು. ಆದರೆ ಮ್ಯಾನೇಜರ್ ಮುಂದೆ ನಿಂತು ಒಪ್ಪಿಕೊಂಡು ಕೆಲಸ ಕಳೆದುಕೊಳ್ಳಬೇಕೆಂದು ಧರ್ಮಸಭೆ ಹೇಳುವುದಿಲ್ಲ. ಹೆಸರು ಹೇಳದೆ ತಲುಪಿಸಬಹುದು. ನ್ಯಾಯವಾಗಿ ನಿಮಗೆ ಬರಬೇಕಾದ ಪ್ರಯಾಣದ ಖರ್ಚನ್ನು ಅಷ್ಟು ಮೊತ್ತದವರೆಗೆ ಕೇಳದೆ ಬಿಡಬಹುದು. ಕಂತಿನಲ್ಲೂ ತೀರಿಸಬಹುದು. ಕಂಪನಿಯೇ ಮುಚ್ಚಿ ಮಾಲೀಕರು ಪತ್ತೆಯಾಗದಿದ್ದರೆ ಮಾತ್ರ ಬಡವರಿಗೆ ಕೊಡುವ ದಾರಿ. ಕಂಪನಿ ನಡೆಯುತ್ತಿರುವಾಗ ಕಾಣಿಕೆ ಡಬ್ಬಿಗೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ, ಅದು ಇನ್ನೊಬ್ಬರ ಹಣದಲ್ಲಿ ಮಾಡಿದ ದಾನ. ಯಾವ ದಾರಿ ಎಂಬುದನ್ನು ಪಾಪನಿವೇದನೆಯಲ್ಲೇ ಗುರುಗಳನ್ನು ಕೇಳಿ. ಪೂರ್ತಿ ತೀರುವವರೆಗೆ ಪರಮಪ್ರಸಾದಕ್ಕೆ ಕಾಯಬೇಕಾಗಿಲ್ಲ. ತೀರಿಸುವ ನಿಜವಾದ ನಿಶ್ಚಯವಿದ್ದು ಪಾಪಕ್ಷಮೆ ಪಡೆದಿದ್ದರೆ, ಶನಿವಾರ ಮಧ್ಯಾಹ್ನ ಪಾಪನಿವೇದನೆ ಮಾಡಿದವರು ಅದೇ ಸಂಜೆಯ ಪೂಜೆಯಲ್ಲಿ ಸಾಲಿನಲ್ಲಿ ನಿಲ್ಲಬಹುದು.